ಪೆಟ್ಟಿಗೆಯ ಮೇಲೆ ಜಿಬಿ ಇದೆ, ವೇಗ ಎಲ್ಲಿದೆ?

ಮೊಬೈಲ್ ಅಂಗಡಿಗಳಲ್ಲಿ ಈಗ ಪದೇ ಪದೇ ಕೇಳಿಬರುವ ಮಾತು: ‘ಮೆಮೊರಿ ರೇಟು ಏರಿದೆ ಸಾರ್’. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಜಿಗಿದಿದೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. ಹೆಚ್ಚು ಲಾಭ ಕೊಡುವ ಆ ಗಿರಾಕಿಗಳ ಕಡೆಗೇ ತಯಾರಕರೂ ವಾಲಿದ್ದಾರೆ. ಅಮೆರಿಕದ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಮಾರುತ್ತಿದ್ದ ‘ಕ್ರೂಶಿಯಲ್’ ಎಂಬ ಬ್ರ್ಯಾಂಡನ್ನು, ಸುಮಾರು ಮೂರು ದಶಕಗಳ ನಂತರ, ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು.

ಇದರಿಂದ ಹದಿನೈದು ಸಾವಿರದೊಳಗೆ ಫೋನ್ ಹುಡುಕುವ ವಿದ್ಯಾರ್ಥಿಗೆ ಏನಾಗುತ್ತದೆ? ಒಂದು ಬಿಡಿಭಾಗ ದುಬಾರಿಯಾದಾಗ ಫೋನ್ ತಯಾರಕರ ಮುಂದೆ ಮೂರು ದಾರಿಗಳಿರುತ್ತವೆ. ಒಂದು, ಬೆಲೆ ಏರಿಸುವುದು. ಎರಡು, ಅದೇ ಬೆಲೆಗೆ ಕಡಿಮೆ ಜಿಬಿ ಕೊಡುವುದು. ಮೂರು, ಜಿಬಿ ಅಷ್ಟೇ ಇಟ್ಟು ಅಗ್ಗದ, ನಿಧಾನದ ಚಿಪ್ ಹಾಕುವುದು. ಮೊದಲೆರಡು ನಮ್ಮ ಕಣ್ಣಿಗೆ ಬೀಳುತ್ತವೆ. ಮೂರನೆಯದು ಬೀಳುವುದಿಲ್ಲ. ಅದು ಸುಳಿವು ಕೊಡುವುದು ಬೆಂಚ್‌ಮಾರ್ಕ್ ಆ್ಯಪ್‌ನಲ್ಲಿ ಬರುವ ಒಂದು ಕಡಿಮೆ ಅಂಕದ ಮೂಲಕ ಮಾತ್ರ.

ಹಾಗೆಂದು ಅಂಕ ಕಡಿಮೆ ಬಂದದ್ದೆಲ್ಲ ಕಂಪನಿಯ ಮೋಸವಲ್ಲ. ಹೆಚ್ಚಿನ ಸಲ ಕಾರಣ ನಮ್ಮ ಫೋನಿನ ಸ್ಥಿತಿಯಲ್ಲೇ ಇರುತ್ತದೆ. ಆ ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ, ಅದನ್ನು ನಾವೇ ಪತ್ತೆ ಹಚ್ಚಬೇಕಾದ ಪರಿಸ್ಥಿತಿ ಏಕಿದೆ ಎಂಬುದು ಈ ಬರಹದ ವಿಷಯ.

ಗಾತ್ರ ಬೇರೆ, ಗುಣ ಬೇರೆ

ಇಪ್ಪತ್ತೈದು ಕೆ.ಜಿ. ಅಕ್ಕಿ ಎಂದಷ್ಟೇ ಚೀಲದ ಮೇಲೆ ಬರೆದಿದ್ದರೆ ನಮ್ಮ ಮನೆಯವರು ಯಾರೂ ಕೊಳ್ಳುವುದಿಲ್ಲ. ಸೋನಾ ಮಸೂರಿಯೋ, ಕುಚಲಕ್ಕಿಯೋ, ಹಳೆಯದೋ ಹೊಸದೋ ಎಂದು ಕೇಳಿಯೇ ಕೇಳುತ್ತಾರೆ. ಫೋನಿನ ವಿಷಯದಲ್ಲಿ ಮಾತ್ರ ‘128 ಜಿಬಿ’ ಎಂದು ಓದಿ ಹಣ ಕೊಟ್ಟು ಬರುತ್ತೇವೆ. ಆ 128 ಜಿಬಿ ಎರಡು ಬಗೆಯದಾಗಿರಬಹುದು.

ಒಂದು, ಇಎಂಎಂಸಿ. ಇದು ಹಳೆಯ ಕಿರುಸೇತುವೆ ಇದ್ದಂತೆ. ಒಂದು ಹೊತ್ತಿಗೆ ಒಂದೇ ದಿಕ್ಕಿನ ವಾಹನ ಹೋಗಬೇಕು. ಓದುವಾಗ ಬರೆಯುವಂತಿಲ್ಲ, ಬರೆಯುವಾಗ ಓದುವಂತಿಲ್ಲ. ಇದರ 5.1ನೇ ಆವೃತ್ತಿಯ ಗರಿಷ್ಠ ಮಿತಿಯೇ ಸೆಕೆಂಡಿಗೆ 400 ಎಂಬಿ. ಬಳಕೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಇನ್ನೊಂದು, ಯುಎಫ್‌ಎಸ್. ಇದು ಎರಡೂ ದಿಕ್ಕಿನ ರಸ್ತೆ. 2020ರಲ್ಲಿ ಸ್ಯಾಮ್‌ಸಂಗ್ ತನ್ನ ಯುಎಫ್‌ಎಸ್ 3.1 ಚಿಪ್‌ಗೆ ಹೇಳಿಕೊಂಡ ಓದುವ ವೇಗ ಸೆಕೆಂಡಿಗೆ 2,100 ಎಂಬಿ. 2022ರಲ್ಲಿ ಯುಎಫ್‌ಎಸ್ 4.0ಕ್ಕೆ ಹೇಳಿಕೊಂಡದ್ದು 4,200 ಎಂಬಿ. ಅಂದರೆ ಒಂದೇ ಜಿಬಿ ಸಂಖ್ಯೆಯ ಹಿಂದೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರ ಅಡಗಿರಬಹುದು.

ನಮ್ಮಲ್ಲಿ ಅನೇಕರಿಗೆ ಫೋನೇ ಏಕೈಕ ಕಂಪ್ಯೂಟರ್. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ, ಕೆಪಿಎಸ್‌ಸಿ ಅರ್ಜಿ, ಡಿಜಿಲಾಕರ್‌ನಲ್ಲಿರುವ ಅಂಕಪಟ್ಟಿ, ಸ್ಕ್ಯಾನ್ ಮಾಡಿದ ಜಾತಿ ಪ್ರಮಾಣಪತ್ರ, ಎನ್‌ಪಿಟಿಇಎಲ್ ಪಾಠದ ವಿಡಿಯೊ ಎಲ್ಲವೂ ಅದರಲ್ಲೇ. ಮೂರು–ನಾಲ್ಕು ವರ್ಷ ಬಾಳಬೇಕಾದ ಫೋನು ಎರಡನೇ ವರ್ಷಕ್ಕೇ ತೆವಳತೊಡಗಿದರೆ ನಷ್ಟ ದೊಡ್ಡದು.

ಎರಡು ಹಳೆಯ ಪ್ರಕರಣಗಳು

2017ರ ಫೆಬ್ರುವರಿಯಲ್ಲಿ ಚೀನಾದ ಹುವಾವೆ ಕಂಪನಿ ‘ಪಿ10’ ಎಂಬ ದುಬಾರಿ ಫೋನನ್ನು ಬಿಡುಗಡೆ ಮಾಡಿತು. ಕೊಂಡವರು ‘ಆಂಡ್ರೊಬೆಂಚ್’ ಎಂಬ ಆ್ಯಪ್‌ನಲ್ಲಿ ಸ್ಟೋರೇಜ್ ವೇಗ ಅಳೆದು ಹೋಲಿಸಿ ನೋಡಿದರು. ಇದು ದಕ್ಷಿಣ ಕೊರಿಯಾದ ಸುಂಗ್‌ಕ್ಯುನ್‌ಕ್ವಾನ್ ವಿಶ್ವವಿದ್ಯಾಲಯದ ಸಂಶೋಧಕರು ಸಿದ್ಧಪಡಿಸಿದ ಆ್ಯಪ್. ಒಂದೇ ಮಾದರಿ, ಒಂದೇ ಬೆಲೆ. ಆದರೂ ಕೆಲವರ ಫೋನಿನಲ್ಲಿ ಓದುವ ವೇಗ 700 ದಾಟುತ್ತಿತ್ತು, ಕೆಲವರದ್ದು 300ರ ಆಸುಪಾಸಿನಲ್ಲೇ ನಿಂತಿತ್ತು. ಕೆಲವು ಫೋನ್‌ಗಳಲ್ಲಿ ಯುಎಫ್‌ಎಸ್, ಇನ್ನು ಕೆಲವದರಲ್ಲಿ ಇಎಂಎಂಸಿ ಇದ್ದದ್ದು ಬೆಳಕಿಗೆ ಬಂತು. ಕಂಪನಿಯ ಗ್ರಾಹಕ ವಿಭಾಗದ ಮುಖ್ಯಸ್ಥ ರಿಚರ್ಡ್ ಯು ಕೊಟ್ಟ ಕಾರಣ: ಫ್ಲ್ಯಾಶ್ ಮೆಮೊರಿಯ ತೀವ್ರ ಕೊರತೆ. ಮೊದಲ ಸಮಜಾಯಿಷಿಗೆ ಗ್ರಾಹಕರು ಸಿಟ್ಟಾದ ಮೇಲೆ ಅವರು ಕ್ಷಮೆ ಕೇಳಿದರು.

ಎರಡನೆಯದು 2024ರದ್ದು. ಒನ್‌ಪ್ಲಸ್ 12ಆರ್ ಫೋನಿನ 256 ಜಿಬಿ ಮಾದರಿಯಲ್ಲಿ ಯುಎಫ್‌ಎಸ್ 4.0 ಇದೆ ಎಂದು ಕಂಪನಿ ಹೇಳಿತ್ತು. ಮಾರಾಟ ಶುರುವಾದ ಮೇಲೆ ಇರುವುದು 3.1 ಎಂದು ತಿಳಿದುಬಂತು. ಕಂಪನಿ ತಪ್ಪೊಪ್ಪಿಕೊಂಡು, ಆ ಮಾದರಿ ಕೊಂಡವರಿಗೆ ಹಣ ಹಿಂತಿರುಗಿಸಲು ಮುಂದಾಯಿತು. ಈ ಫೋನು ಭಾರತದಲ್ಲೂ ಮಾರಾಟವಾಗಿತ್ತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡನೇ ಪ್ರಕರಣದಲ್ಲಿ ಗ್ರಾಹಕರಿಗೆ ಹಣ ವಾಪಸ್ ಕೇಳುವ ಬಲ ಬಂದದ್ದು ‘ಯುಎಫ್‌ಎಸ್ 4.0’ ಎಂಬ ಮಾತನ್ನು ಕಂಪನಿ ಬಹಿರಂಗವಾಗಿ ಹೇಳಿದ್ದರಿಂದ. ಏನೂ ಹೇಳದೆ ಬರೀ ಜಿಬಿ ಬರೆದು ಮಾರಿದ್ದರೆ ಕೇಳಲು ಆಧಾರವೇ ಇರುತ್ತಿರಲಿಲ್ಲ. ಚಿಪ್ ಕೊರತೆಯ ಕಾಲದಲ್ಲಿ ಕಂಪನಿಗಳು ಮೌನವಾಗಿರುವುದೇ ಹೆಚ್ಚು ಅಪಾಯ.

ಚಿಪ್ ಸರಿಯಿದ್ದೂ ಅಂಕ ಬೀಳಬಹುದು

ಈಗ ಇನ್ನೊಂದು ಮಗ್ಗುಲು. ಗೂಗಲ್‌ನ 2012ರ ನೆಕ್ಸಸ್ 7 ಟ್ಯಾಬ್ಲೆಟ್ ಕೊಂಡಾಗ ಚುರುಕಾಗಿತ್ತು, ತಿಂಗಳುಗಳು ಕಳೆದಂತೆ ಸುಸ್ತಾಗುತ್ತಿತ್ತು. ಚಿಪ್ ಬದಲಾಗಿರಲಿಲ್ಲ. ಆಗಿದ್ದೇನು ಎಂದು ತಿಳಿಯಲು ಹಾಸ್ಟೆಲ್ ಮೆಸ್ ನೆನಪಿಸಿಕೊಂಡರೆ ಸಾಕು.

ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ಊಟ ಮಾಡಿದ ತಟ್ಟೆಗೆ ತೊಳೆಯದೆ ಮತ್ತೆ ಬಡಿಸಲಾಗದಂತೆ. ತಟ್ಟೆಗಳನ್ನು ಒಂದೊಂದಾಗಿಯೂ ತೊಳೆಯಲಾಗದು, ಬುಟ್ಟಿಗಟ್ಟಲೆ ತೊಳೆಯಬೇಕು. ತೊಳೆದ ತಟ್ಟೆಗಳ ರಾಶಿ ಇದ್ದರೆ ಸಾಲು ಸರಸರನೆ ಸಾಗುತ್ತದೆ. ರಾಶಿ ಮುಗಿದರೆ ಬಡಿಸುವವರು ಕೈಕಟ್ಟಿ ನಿಲ್ಲಬೇಕು. ನಾವು ಫೈಲ್ ಅಳಿಸಿದಾಗ ‘ಈ ತಟ್ಟೆಯ ಊಟ ಮುಗಿದಿದೆ, ತೊಳೆಯಬಹುದು’ ಎಂದು ಚಿಪ್‌ಗೆ ಹೇಳುವವರು ಬೇಕು. ಆ ಸೂಚನೆಗೆ ‘ಟ್ರಿಮ್’ ಎನ್ನುತ್ತಾರೆ. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3 ಈ ಕೆಲಸವನ್ನು ಫೋನು ಸುಮ್ಮನಿರುವ ಹೊತ್ತಿನಲ್ಲಿ ತಾನಾಗಿಯೇ ಮಾಡತೊಡಗಿದಾಗ ಹಳೆಯ ಸಾಧನಗಳೂ ಚೇತರಿಸಿಕೊಂಡವು.

ಇನ್ನೊಂದು ಉದಾಹರಣೆ 2014ರ ನೆಕ್ಸಸ್ 6. ಅದರಲ್ಲಿ ಡೇಟಾವನ್ನೆಲ್ಲ ಗೂಢಲಿಪಿಗೆ ಇಳಿಸಿ ಇಡುವ ವ್ಯವಸ್ಥೆ ಮೊದಲಿನಿಂದಲೇ ಚಾಲೂ ಇತ್ತು. ಆನಂದ್‌ಟೆಕ್ ತಾಣ ಅಳೆದಾಗ, ಈ ಒಂದು ಕಾರಣದಿಂದ ಸಾಲಾಗಿ ಓದುವ ವೇಗ ಸುಮಾರು ಶೇ 80ರಷ್ಟು ಕುಸಿದಿತ್ತು. ಇಂದಿನ ಪ್ರೊಸೆಸರ್‌ಗಳಲ್ಲಿ ಈ ಕೆಲಸಕ್ಕೆಂದೇ ವಿಶೇಷ ಸೂಚನೆಗಳಿರುವುದರಿಂದ ಅಷ್ಟು ಹೊಡೆತ ಬೀಳುವುದಿಲ್ಲ. ಆದರೆ ಪಾಠ ಉಳಿದಿದೆ: ಅಂಕ ಕೊಡುವುದು ಚಿಪ್ ಒಂದೇ ಅಲ್ಲ, ಚಿಪ್, ಸಾಫ್ಟ್‌ವೇರ್ ಮತ್ತು ಬಳಕೆ ಮೂರೂ ಸೇರಿ ಕೊಡುತ್ತವೆ.

ಪತ್ತೆ ಹಚ್ಚುವುದು ಹೇಗೆ?

ಕಡಿಮೆ ಅಂಕ ಕಂಡ ಕೂಡಲೇ ಫ್ಯಾಕ್ಟರಿ ರಿಸೆಟ್ ಮಾಡುವವರಿದ್ದಾರೆ. ಅದು ಕೊನೆಯ ಉಪಾಯ. ಸುಲಭದ್ದರಿಂದ ಶುರು ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ.

ಮೊದಲು ಹೋಲಿಕೆ ಸರಿಯಿದೆಯೇ ನೋಡಿ. ಒಂದು ಆ್ಯಪ್‌ನ ಅಂಕವನ್ನು ಇನ್ನೊಂದು ಆ್ಯಪ್‌ನ ಅಂಕದ ಜತೆ ಹೋಲಿಸುವುದು ವಿಟಿಯು ಅಂಕವನ್ನು ಪಿಯು ಅಂಕದ ಜತೆ ಹೋಲಿಸಿದಂತೆ. ಅದೇ ಆ್ಯಪ್, ಅದೇ ಆವೃತ್ತಿ, ಅದೇ ಸೆಟ್ಟಿಂಗ್ ಇರಬೇಕು. ಫೋನಿನ ಮಾದರಿಯ ಜತೆಗೆ ಜಿಬಿಯೂ ಒಂದೇ ಆಗಿರಬೇಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23ರ 128 ಜಿಬಿ ಫೋನಿನಲ್ಲಿ ಯುಎಫ್‌ಎಸ್ 3.1, 256 ಜಿಬಿಯದರಲ್ಲಿ 4.0 ಇತ್ತು.

ಎರಡನೆಯದು, ಅಳೆದದ್ದು ಯಾವ ಜಾಗವನ್ನು? ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮೆಮೊರಿ ಕಾರ್ಡ್ ಆಯ್ಕೆಯಾಗಿದ್ದರೆ ಬಂದದ್ದು ಕಾರ್ಡ್‌ನ ವೇಗ. ಫೋನಿನೊಳಗೂ ಫೋಟೊ, ಡೌನ್‌ಲೋಡ್ ಇರುವ ಹಂಚಿಕೆಯ ಜಾಗಕ್ಕೆ ಆಂಡ್ರಾಯ್ಡ್ 11ರಿಂದ ಭದ್ರತೆಗಾಗಿ ಒಂದು ಕಾವಲು ಪದರ ಸೇರಿದೆ. ಸಣ್ಣ ಸಣ್ಣ ಫೈಲ್‌ಗಳ ಪರೀಕ್ಷೆಯಲ್ಲಿ ಅದರಿಂದಲೂ ಅಂಕ ತಗ್ಗಬಹುದು.

ಮೂರನೆಯದು, ಅಳೆಯುವ ಹೊತ್ತು. ಬ್ಯಾಟರಿ ಸೇವರ್ ಆರಿಸಿ. ಫೋನು ಬಿಸಿಯಾಗಿದ್ದರೆ ತಣ್ಣಗಾಗಲು ಬಿಡಿ. ಬಿಸಿಯಾದ ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಹಿನ್ನೆಲೆಯಲ್ಲಿ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿದ್ದರೆ ಅಥವಾ ಆಗಷ್ಟೇ ಆಂಡ್ರಾಯ್ಡ್ ಅಪ್‌ಡೇಟ್ ಆಗಿದ್ದರೆ ಒಂದೆರಡು ದಿನ ಕಾಯಿರಿ.

ನಾಲ್ಕನೆಯದು, ಖಾಲಿ ಜಾಗ. ಐದರಲ್ಲಿ ಒಂದು ಭಾಗವನ್ನಾದರೂ ಖಾಲಿ ಇಡುವುದು ಒಳ್ಳೆಯ ರೂಢಿ. ವಾಟ್ಸ್ಆ್ಯಪ್ ಗ್ರೂಪ್‌ಗಳ ವಿಡಿಯೊ, ನೋಡಿ ಮುಗಿಸಿದ ಪಾಠಗಳನ್ನು ತೆಗೆದು, ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮುಟ್ಟದೆ ಬಿಡಿ. ತಟ್ಟೆ ತೊಳೆಯುವ ಕೆಲಸ ಆಗುವುದು ಆಗಲೇ. ಇದಕ್ಕೆ ‘ಕ್ಲೀನರ್’, ‘ಬೂಸ್ಟರ್’ ಎಂಬ ಆ್ಯಪ್‌ಗಳು ಬೇಕಿಲ್ಲ.

ಐದನೆಯದು, ‘8+8 ಜಿಬಿ ರ್‍ಯಾಮ್’ ಎಂಬ ಜಾಹೀರಾತು. ಆ ಎರಡನೇ ಎಂಟು ನಿಜವಾದ ರ್‍ಯಾಮ್ ಅಲ್ಲ. ಸ್ಟೋರೇಜ್‌ನ ಒಂದು ತುಂಡನ್ನೇ ರ್‍ಯಾಮ್‌ನಂತೆ ದುಡಿಸುವುದು. ಜಾಗವೂ ಹೋಗುತ್ತದೆ, ಚಿಪ್‌ಗೆ ಬರೆಯುವ ಕೆಲಸವೂ ಹೆಚ್ಚುತ್ತದೆ. ಅದನ್ನು ಆರಿಸಿ ಮತ್ತೆ ಅಳೆದು ನೋಡಿ.

ಕೊನೆಗೆ, ಚಿಪ್ ಯಾವುದೆಂದು ನೋಡಿ. ಫೋನಿನ ಯಂತ್ರಾಂಶದ ವಿವರ ತೋರಿಸುವ ಉಚಿತ ಆ್ಯಪ್‌ಗಳಿವೆ. ಲ್ಯಾಪ್‌ಟಾಪ್‌ಗೆ ಜೋಡಿಸಿ ಎಡಿಬಿ ಬಳಸಲು ಬಲ್ಲವರಿಗೆ ಇನ್ನೊಂದು ದಾರಿ: ಸ್ಟೋರೇಜ್‌ನ ಹೆಸರು ‘ಎಂಎಂಸಿಬಿಎಲ್‌ಕೆ’ ಎಂದು ಶುರುವಾದರೆ ಇಎಂಎಂಸಿ, ‘ಎಸ್‌ಡಿಎ’ ಎಂದಿದ್ದರೆ ಯುಎಫ್‌ಎಸ್. ಮೆಮೊರಿ ಕಾರ್ಡ್ ಕೂಡ ಮೊದಲನೇ ಹೆಸರಿನಲ್ಲೇ ಕಾಣಿಸಿಕೊಳ್ಳುವುದರಿಂದ ಅದನ್ನು ಹೊರತೆಗೆದು ನೋಡಬೇಕು.

ಪ್ರತಿ ಹಂತದಲ್ಲೂ ಮೂರು ಸಲ ಅಳೆದು ನಡುವಿನ ಅಂಕ ಹಿಡಿಯಿರಿ. ದಿನಕ್ಕೆ ಇಪ್ಪತ್ತು ಸಲ ಬೇಡ. ಪ್ರತಿ ಪರೀಕ್ಷೆಯೂ ಚಿಪ್‌ಗೆ ಬರೆಯುತ್ತದೆ, ಬರೆಯುವಿಕೆಗೆ ಮಿತಿಯಿರುವ ಚಿಪ್ ಅದು.

ಅಂಕ ಏನು ಹೇಳುತ್ತದೆ?

ನಮ್ಮ ಹಾಸ್ಟೆಲ್‌ನ ಗೆಳೆಯನೊಬ್ಬನ ಫೋನು ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ವರ್ಷ ಹಳೆಯದು, 128 ಜಿಬಿ, ಕಂಪನಿಯ ಹೆಸರು ಬೇಡ. ಸ್ಕಾಲರ್‌ಶಿಪ್ ಅರ್ಜಿಗೆ ಪಿಡಿಎಫ್ ಸೇರಿಸುವಷ್ಟರಲ್ಲಿ ಫೋನು ನಿಂತುಬಿಡುತ್ತಿತ್ತು. ಬೆಂಚ್‌ಮಾರ್ಕ್‌ನಲ್ಲಿ ಓದುವ ವೇಗ, ಬರೆಯುವ ವೇಗ ಎರಡೂ ಕಡಿಮೆ. ಸ್ಟೋರೇಜ್ ಹೆಚ್ಚುಕಡಿಮೆ ಭರ್ತಿಯಾಗಿತ್ತು. ಜಾಗ ತೆರವು ಮಾಡಿ, ರ್‍ಯಾಮ್ ವಿಸ್ತರಣೆ ಆರಿಸಿ, ಒಂದು ರಾತ್ರಿ ಬಿಟ್ಟ ಮೇಲೆ ಬರೆಯುವ ವೇಗ ಗಣನೀಯವಾಗಿ ಏರಿತು, ಅರ್ಜಿಯೂ ಹೋಯಿತು. ಆದರೆ ಓದುವ ವೇಗ 300ರ ಕೆಳಗೆ ನಿಂತದ್ದು ನಿಂತೇ ಇತ್ತು. ನೋಡಿದರೆ ಚಿಪ್ ಇಎಂಎಂಸಿ. ಅಂದರೆ ಒಂದೇ ಫೋನಿನಲ್ಲಿ ಎರಡು ಕಾರಣಗಳಿದ್ದವು: ಒಂದು ನಾವು ಸರಿಪಡಿಸಬಹುದಾದದ್ದು, ಇನ್ನೊಂದು ಕೊಂಡ ದಿನವೇ ನಿರ್ಧಾರವಾಗಿದ್ದದ್ದು. ಆ ಎರಡನೆಯದನ್ನು ಕೊಳ್ಳುವಾಗ ಅವನಿಗೆ ಯಾರೂ ಹೇಳಿರಲಿಲ್ಲ.

ಓದುವುದು ಸರಿಯಿದ್ದು ಬರೆಯುವುದು ಮಾತ್ರ ಬಿದ್ದಿದ್ದರೆ ಸಾಮಾನ್ಯವಾಗಿ ಜಾಗದ ಸಮಸ್ಯೆ. ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುತ್ತಿದ್ದರೆ ಬಿಸಿ ಅಥವಾ ಹಿನ್ನೆಲೆಯ ಕೆಲಸ. ಅಪ್‌ಡೇಟ್ ಆದ ಮೇಲಷ್ಟೇ ಕುಸಿದಿದ್ದರೆ ಸಾಫ್ಟ್‌ವೇರ್ ಮೇಲೆ ಅನುಮಾನ. ಏನೇ ಮಾಡಿದರೂ ಒಂದೇ ಎತ್ತರದಲ್ಲಿ ನಿಂತರೆ ಅದು ಚಿಪ್‌ನ ಮಿತಿ. ವೇಗ ಕುಸಿಯುವುದರ ಜತೆಗೆ ಫೋಟೊಗಳು ತೆರೆದುಕೊಳ್ಳದಿದ್ದರೆ ಅಂಕ ನೋಡುತ್ತ ಕೂರಬೇಡಿ. ಚಿಪ್ಪೇ ಕೆಡುತ್ತಿರಬಹುದು, ಮೊದಲು ಅಂಕಪಟ್ಟಿ, ದಾಖಲೆಗಳನ್ನು ಬೇರೆ ಕಡೆ ಉಳಿಸಿ.

ಸಾಲಾಗಿ ಓದುವ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ ಎಂಬುದೂ ನೆನಪಿರಲಿ. ಆ್ಯಪ್ ತೆರೆಯುವಾಗ, ಮೆಸೇಜ್ ಹುಡುಕುವಾಗ ಫೋನು ಮಾಡುವುದು ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದುವ ಕೆಲಸ. ಪರೀಕ್ಷೆಯಲ್ಲಿ ‘ರ್‍ಯಾಂಡಮ್’ ಎಂದು ಬರುವ ಅಂಕ ನಿತ್ಯದ ಬಳಕೆಗೆ ಹೆಚ್ಚು ಹತ್ತಿರ.

ತಕ್ಕಡಿ ನಾವೇ ಒಯ್ಯಬೇಕೇ?

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಲಕ್ಷಗಟ್ಟಲೆ ಫೋನ್ ಮಾಡುವಾಗ ಚಿಪ್‌ಗಳನ್ನು ಎರಡು–ಮೂರು ಕಡೆಯಿಂದ ತರಿಸುವುದು ಉದ್ಯಮದ ರೂಢಿ. ಒಂದೇ ಮಾನದಂಡದ ಚಿಪ್‌ಗಳು ಬೇರೆ ಬೇರೆ ತಯಾರಕರಿಂದ ಬಂದಾಗ ಅಂಕದಲ್ಲಿ ಸ್ವಲ್ಪ ಏರುಪೇರು ಸಹಜ. 3.1 ಮತ್ತು 4.0ರ ವ್ಯತ್ಯಾಸ ನಿತ್ಯದ ಬಳಕೆಯಲ್ಲಿ ಅನೇಕರ ಅರಿವಿಗೂ ಬಾರದು. ಆದರೆ ಮಾನದಂಡವೇ ಬೇರೆಯಾದಾಗ ಅದು ಬೇರೆ ಸರಕು. ವ್ಯತ್ಯಾಸ ತನಗೆ ಮುಖ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಹಣ ಕೊಡುವವರು. ಅಗ್ಗದ ಫೋನಿನಲ್ಲಿ ಇಎಂಎಂಸಿ ಹಾಕುವುದು ತಪ್ಪಲ್ಲ, ಹೇಳದಿರುವುದು ತಪ್ಪು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸರಕಿನ ಪ್ರಮಾಣದ ಜತೆಗೆ ಗುಣಮಟ್ಟ ಮತ್ತು ಮಾನದಂಡದ ಬಗ್ಗೆ ಮಾಹಿತಿ ಪಡೆಯುವುದೂ ಗ್ರಾಹಕರ ಹಕ್ಕು ಎನ್ನುತ್ತದೆ. ಜಿಬಿ ಎಂಬುದು ಪ್ರಮಾಣ. ಇಎಂಎಂಸಿಯೋ ಯುಎಫ್‌ಎಸ್ಸೋ ಎಂಬುದು ಮಾನದಂಡ. ಈ ಎರಡನೆಯದನ್ನೂ ಪೆಟ್ಟಿಗೆಯ ಮೇಲೆ, ಆವೃತ್ತಿಯ ಸಂಖ್ಯೆಯೊಂದಿಗೆ ಮುದ್ರಿಸುವುದನ್ನು ಕಡ್ಡಾಯಗೊಳಿಸಲು ಒಂದು ಸಾಲಿನ ನಿಯಮ ಸಾಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನ್‌ಗಳಿಗೆ ಲೇಬಲ್ ಬಂದಿದೆ. ಬ್ಯಾಟರಿ ಎಷ್ಟು ಬಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದೆಲ್ಲ ಅದರಲ್ಲಿದೆ. ಸ್ಟೋರೇಜ್ ವೇಗ ಅದರಲ್ಲೂ ಇಲ್ಲ. ಫ್ರಿಜ್ಜು, ಎ.ಸಿ.ಗಳಿಗೆ ನಕ್ಷತ್ರ ಹಚ್ಚಿ ಜನರಿಗೆ ಆರಿಸಲು ಕಲಿಸಿದ ನಮ್ಮ ದೇಶ ಈ ವಿಷಯದಲ್ಲಿ ಯುರೋಪ್‌ಗಿಂತ ಮುಂದೆ ಹೋಗಬಾರದೇಕೆ?

ನಿಯಮ ಬರುವವರೆಗೆ ನಾವು ಮಾಡಬಹುದಾದದ್ದಿದೆ. ಕೊಳ್ಳುವ ಮುನ್ನ ‘ಸ್ಟೋರೇಜ್ ಟೈಪ್ ಯಾವುದು?’ ಎಂದು ಕೇಳಿ. ಆನ್‌ಲೈನ್‌ನಲ್ಲಾದರೆ ಆ ವಿವರವಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಜತೆ ಇಡಿ. ಫೋನ್ ಕೈಗೆ ಬಂದ ದಿನ, ಅದು ಖಾಲಿ ಇರುವಾಗಲೇ ಒಂದು ಸಲ ಅಳೆದು ಬರೆದಿಡಿ. ಎರಡು ವರ್ಷದ ನಂತರ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ಮೈಕ್ರಾನ್, ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರ ಎಲ್ಲವೂ ಬೆಂಗಳೂರಿನಲ್ಲಿವೆ. ಒಂದು ಅಂಕ ಏಕೆ ಕಡಿಮೆ ಬಂತು ಎಂದು ಕಾರಣಗಳನ್ನು ಒಂದೊಂದಾಗಿ ಕಳೆಯುತ್ತ ಹೋಗುವುದು ಇಂಥ ಕಡೆ ಟೆಸ್ಟಿಂಗ್ ಎಂಜಿನಿಯರ್ ದಿನವೂ ಮಾಡುವ ಕೆಲಸ. ಅದನ್ನು ಕಲಿಯಲು ಬೇಕಾದ ಲ್ಯಾಬ್ ನಮ್ಮೆಲ್ಲರ ಜೇಬಿನಲ್ಲೇ ಇದೆ.

ಮೆಮೊರಿಯ ಬರ ಇಂದಲ್ಲ ನಾಳೆ ತೀರುತ್ತದೆ. ಆದರೆ ಈ ಬರದಲ್ಲಿ ಮಾರಾಟವಾದ ಫೋನ್‌ಗಳು ಇನ್ನೂ ಮೂರು–ನಾಲ್ಕು ವರ್ಷ ನಮ್ಮ ಕೈಯಲ್ಲಿರುತ್ತವೆ. ಅವುಗಳೊಳಗೆ ಏನಿದೆ ಎಂದು ಮೊದಲೇ ಕೇಳುವವರ ಸಂಖ್ಯೆ ಹೆಚ್ಚಿದಷ್ಟೂ, ಹೇಳದೆ ಮಾರುವುದು ಕಂಪನಿಗಳಿಗೆ ಕಷ್ಟವಾಗುತ್ತದೆ.